ರೈತ, ರಯತ್ತು, ರಯಟ್: ಬಾರಾಮಹಲಿನ ಒಂದು ಶಬ್ದದ ಚರಿತ್ರೆ

ಇಂಗ್ಲಿಷಿನಲ್ಲಿ ಆರ್, ವೈ, ಓ, ಟಿ ಎಂಬ ನಾಲ್ಕೇ ಅಕ್ಷರಗಳ ಒಂದು ಶಬ್ದವಿದೆ. ನಮ್ಮ ದೇಶದ ಚರಿತ್ರೆಯನ್ನು ಇಂಗ್ಲಿಷ್ ಪುಸ್ತಕಗಳಲ್ಲಿ ಓದಿದವರೆಲ್ಲರೂ ಅದನ್ನು ಕಂಡಿದ್ದಾರೆ. ಕಣ್ಣಿಗೆ ಪರಿಚಿತವಾದ ಈ ಶಬ್ದ ನಾಲಿಗೆಗೆ ಮಾತ್ರ ಅಪರಿಚಿತ. ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರೆ ಒಬ್ಬ ‘ರಯೋಟ್’ ಎನ್ನುತ್ತಾನೆ, ಇನ್ನೊಬ್ಬ ‘ರಿಯಾಟ್’ ಎನ್ನುತ್ತಾನೆ, ಮೂರನೆಯವನು ‘ರ್ಯಾಟ್’ ಎಂದು ಇಲಿಯನ್ನೇ ತಂದು ನಿಲ್ಲಿಸುತ್ತಾನೆ. ತಮಾಷೆಯೆಂದರೆ ಇದು ನಮ್ಮದೇ ಮನೆಯ ಮಾತು. ಇಂಗ್ಲಿಷರು ನಮ್ಮಿಂದ ಕೊಂಡುಹೋದರು; ಅವರ ಲಿಪಿಯಲ್ಲಿ ಬರೆದುಕೊಂಡರು; ಮರಳಿ ಬಂದಾಗ ನಾವೇ ಗುರುತು ಹಿಡಿಯಲಾರದೆ ಹೋದೆವು. ಆ ಶಬ್ದ ನಮ್ಮ ‘ರೈತ’.

ಗಡಿನಾಡಿನವರಿಗೆ ಈ ಗೊಂದಲ ಇನ್ನಷ್ಟು ಸ್ವಾರಸ್ಯಕರವಾಗಿ ಕಾಣಬೇಕು. ಒಂದೇ ಶಾಲೆಯ ಕನ್ನಡ ವಿಭಾಗದ ಮಕ್ಕಳು ಚರಿತ್ರೆಯ ಪಾಠದಲ್ಲಿ ‘ರೈತವಾರಿ ಪದ್ಧತಿ’ ಎಂದು ಓದುತ್ತಾರೆ. ಗೋಡೆಯ ಆಚೆ ಮಲಯಾಳಂ ವಿಭಾಗದ ಮಕ್ಕಳು ಅದೇ ಪಾಠವನ್ನು ‘ರಯಟ್ಟ್‌ವಾರಿ’ ಎಂದು ಓದುತ್ತಾರೆ. ತಮಿಳುನಾಡಿನ ಮಕ್ಕಳಿಗೆ ಅದು ‘ಇರಯತ್ತುವಾರಿ’. ತಮಿಳಿನಲ್ಲಿ ರಕಾರದಿಂದ ಶಬ್ದ ತೊಡಗಬಾರದೆಂಬ ನಿಯಮಕ್ಕಾಗಿ ಮೊದಲಲ್ಲೊಂದು ಇಕಾರ. ಕನ್ನಡದ್ದೂ ತಮಿಳಿನದೂ ನೇರವಾಗಿ ಕಿವಿಯಿಂದ ಬಂದ ರೂಪಗಳು. ಮಲಯಾಳದ ಪಾಠದ ರೂಪ ಇಂಗ್ಲಿಷ್ ಪುಸ್ತಕದ ಕಣ್ಣಿನಿಂದ ಬಂದದ್ದು. ಅದಕ್ಕೇ ಅಲ್ಲಿ ತಕಾರ ಟಕಾರವಾಗಿದೆ. ಇಂಗ್ಲಿಷರ ‘ಟಿ’ ನಮ್ಮ ಕಿವಿಗೆ ಯಾವತ್ತೂ ಟಕಾರವೇ. ದಂತ್ಯವಾಗಿ ಹೋದ ಅಕ್ಷರ ಮೂರ್ಧನ್ಯವಾಗಿ ಮರಳಿತು. ಇದನ್ನು ತಪ್ಪು ಎಂದು ನಗುವ ಅಗತ್ಯವಿಲ್ಲ. ಕನ್ನಡದವರು ‘ಆಸ್ಪತ್ರೆ’ ಎಂದರೆ ನಗದವರು ಇದಕ್ಕೇಕೆ ನಗಬೇಕು?

ಹಾಗಾದರೆ ಇಂಗ್ಲಿಷಿನಲ್ಲಿ ಇದರ ಸರಿಯಾದ ಉಚ್ಚಾರವೇನು? ನಿಘಂಟುಗಳು ಹೇಳುವ ಪ್ರಕಾರ ಮೊದಲ ಭಾಗ ‘ರೈ’. ‘ಕ್ರೈ’, ‘ಫ್ಲೈ’ ಎಂಬಲ್ಲಿ ‘ವೈ’ ಅಕ್ಷರ ಮಾಡುವ ಕೆಲಸವನ್ನೇ ಇಲ್ಲೂ ಮಾಡುತ್ತದೆ. ಒತ್ತು ಅದರ ಮೇಲೆ. ಎರಡನೆಯ ಭಾಗದ ‘ಓ’ ಅಕ್ಷರವನ್ನು ಓಕಾರವಾಗಿ ಹೇಳಕೂಡದು. ‘ಪೈಲಟ್’ ಎನ್ನುವಾಗ ಕೊನೆಯಲ್ಲಿ ಬರುವಂಥ ಅರೆಬರೆ ಅಕಾರ ಸಾಕು. ಯಾರೂ ವಿಮಾನ ನಡೆಸುವವನನ್ನು ‘ಪೈಲೋಟ್’ ಎನ್ನುವುದಿಲ್ಲವಲ್ಲ! ಆದ್ದರಿಂದ ‘ರೈಅಟ್’ ಎಂದು ಬೇಗನೆ ಹೇಳಿದರೆ ಇಂಗ್ಲಿಷಿಗೆ ಸರಿಯಾಯಿತು. ಇಲ್ಲಿ ಒಂದು ಇಕ್ಕಟ್ಟು ಎದುರಾಗುತ್ತದೆ. ಹೀಗೆ ಸರಿಯಾಗಿ ಹೇಳಿದ ಕೂಡಲೇ ಅದು ಇನ್ನೊಂದು ಇಂಗ್ಲಿಷ್ ಶಬ್ದದ ಜೊತೆ ಪೂರ್ತಿ ಬೆರೆತುಹೋಗುತ್ತದೆ: ದಂಗೆ, ದೊಂಬಿ ಎಂಬ ಅರ್ಥದ ‘ರಯಟ್’. ಎರಡಕ್ಕೂ ಉಚ್ಚಾರ ಒಂದೇ. ನಂಟು ಮಾತ್ರ ಏನೂ ಇಲ್ಲ. ದೊಂಬಿಯ ಶಬ್ದ ಹಳೆಯ ಫ್ರೆಂಚಿನಿಂದ ಬಂದದ್ದು, ಜಗಳ ಎಂಬ ಅರ್ಥದ್ದು. ರೈತನ ಶಬ್ದ ಅರಬ್ಬಿಯದು. ‘ರಯೋಟ್’ ಎಂದು ತಪ್ಪಾಗಿ ಹೇಳುವ ಹುಡುಗ ತಿಳಿಯದೆಯೇ ರೈತನನ್ನು ದೊಂಬಿಯಿಂದ ಬೇರ್ಪಡಿಸಿ ಕಾಪಾಡುತ್ತಾನೆ ಎಂದೂ ಹೇಳಬಹುದು.

ಅರಬ್ಬಿಯ ಮೂಲಧಾತುವಿಗೆ ಮೇಯಿಸು, ಕಾಯು ಎಂಬ ಅರ್ಥ. ಕುರುಬ ‘ರಾಈ’, ಅವನು ಕಾಯುವ ಮಂದೆ ‘ರಇಯ್ಯತ್’. ಹೀಬ್ರೂ ಭಾಷೆಯಲ್ಲಿಯೂ ಇದೇ ಧಾತುವಿನಿಂದಲೇ ಕುರುಬನ ಹೆಸರು ಹುಟ್ಟಿದೆ. ಮಂದೆಗೆ ಕುರುಬ ಹೇಗೋ ಪ್ರಜೆಗಳಿಗೆ ಅರಸ ಹಾಗೆ ಎಂಬ ಭಾವನೆಯಿಂದ ‘ರಇಯ್ಯತ್’ ಎಂದರೆ ಪ್ರಜೆಗಳು ಎಂದಾಯಿತು. ಪಾರಸಿಯ ಮೂಲಕ ಈ ಶಬ್ದ ಸುಲ್ತಾನರ, ಮೊಗಲರ ದಫ್ತರಗಳಿಗೆ ಇಳಿಯಿತು. ತುರ್ಕಿಯ ಆಟೊಮನ್ ಸಾಮ್ರಾಜ್ಯದಲ್ಲಿ ಅದಕ್ಕೆ ತೆರಿಗೆ ಕೊಡುವ ಸಾಮಾನ್ಯ ಪ್ರಜೆ ಎಂಬ ಅರ್ಥವಿತ್ತು. ಬರುಬರುತ್ತ ಮುಸ್ಲಿಮರಲ್ಲದ ಪ್ರಜೆ ಎಂಬ ಅರ್ಥಕ್ಕೆ ಸೀಮಿತವಾಯಿತು. ಮರಾಠಿಯಲ್ಲಿ ‘ರಯತ’ ಎಂದರೆ ಇಂದಿಗೂ ಜನ. ಭಾವುರಾವ್ ಪಾಟೀಲರು 1919ರಲ್ಲಿ ಕಟ್ಟಿದ ರಯತ್ ಶಿಕ್ಷಣ ಸಂಸ್ಥೆ ಕೃಷಿ ಕಲಿಸುವ ಸಂಸ್ಥೆಯಲ್ಲ, ಜನಸಾಮಾನ್ಯರಿಗೆ ವಿದ್ಯೆ ಕೊಡುವ ಸಂಸ್ಥೆ. ಕಡಲಾಚೆ ಮಲಯ ದೇಶಕ್ಕೆ ಹೋದರೆ ಇದೇ ಶಬ್ದ ‘ರಾಕ್ಯತ್’ ಆಗಿದೆ. ಅಲ್ಲಿನ ಲೋಕಸಭೆಯ ಹೆಸರೇ ‘ದೇವಾನ್ ರಾಕ್ಯತ್’, ಅಂದರೆ ಜನರ ಸಭೆ. ಕಾಸರಗೋಡು, ಕಣ್ಣೂರು ಕಡೆಯಿಂದ ಮಲೇಷಿಯಕ್ಕೆ ಹೊಟ್ಟೆಪಾಡಿಗೆ ಹೋದವರು ಈ ಹೆಸರನ್ನು ಅಲ್ಲಿನ ಪತ್ರಿಕೆಗಳಲ್ಲಿ ಕಂಡಿರುತ್ತಾರೆ. ಅದು ಊರಿನ ರೈತನ ಅಣ್ಣತಮ್ಮ ಎಂದು ಎಷ್ಟು ಮಂದಿಗೆ ಹೊಳೆದಿದೆಯೋ!

ಮಂದೆಯಿಂದ ಪ್ರಜೆ, ಪ್ರಜೆಯಿಂದ ಬೇಸಾಯಗಾರ. ಈ ಕೊನೆಯ ತಿರುವು ನಮ್ಮ ದೇಶದಲ್ಲಿ ಆಯಿತು. ಅದಕ್ಕೆ ಕಾರಣ ಸರಳ. ಅರಸನ ದಫ್ತರಿನಲ್ಲಿ ಪ್ರಜೆಯ ಹೆಸರು ಬರುತ್ತಿದ್ದುದು ಕಂದಾಯ ಕೊಡುವಾಗ ಮಾತ್ರ, ಕಂದಾಯ ಬರುತ್ತಿದ್ದುದು ಬಹುಪಾಲು ನೆಲದಿಂದ. ಇಂಗ್ಲಿಷರು ಬರುವುದಕ್ಕೆ ಮೊದಲೇ ಮೈಸೂರಿನ ಆಡಳಿತದಲ್ಲಿ ಈ ಮಾತು ನೆಲೆಯೂರಿತ್ತು. ಟಿಪ್ಪು ಸುಲ್ತಾನನ ಕಂದಾಯದ ನಿಯಮಗಳನ್ನು ಬರಿಷ್ ಕ್ರಿಸ್ಪ್ ಎಂಬವನು ಪಾರಸಿಯಿಂದ ಅನುವಾದಿಸಿ 1792ರಲ್ಲಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದ. ಬಡ ರೈತರಿಗೆ ನೇಗಿಲು ಕೊಳ್ಳಲು ತಕಾವಿ ಸಾಲ ಕೊಡಬೇಕೆಂಬ ವಿಧಿ ಅದರಲ್ಲಿದೆ. ಆದರೆ ‘ರೈತ’ ಎಂಬುದು ಲಂಡನ್ನಿನ ಪಾರ್ಲಿಮೆಂಟಿನವರೆಗೂ ಹೋಗಿ ಇಂಗ್ಲಿಷ್ ನಿಘಂಟಿನಲ್ಲಿ ಕಾಯಂ ಜಾಗ ಹಿಡಿದದ್ದು ಒಂದು ಸಣ್ಣ ಸೀಮೆಯಲ್ಲಿ ನಡೆದ ಕೆಲಸದಿಂದ. ಅದು ಇಂದಿನ ಸೇಲಂ, ಧರ್ಮಪುರಿ, ಕೃಷ್ಣಗಿರಿ, ತಿರುಪ್ಪತ್ತೂರು ಜಿಲ್ಲೆಗಳು ಸೇರಿದ ಪ್ರದೇಶ, ಅಂದಿನ ಬಾರಾಮಹಲು ಮತ್ತು ಸೇಲಂ.

ಈ ಸೀಮೆ ಕನ್ನಡಕ್ಕೆ ಹೊರಗಿನದಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಘಕಾಲದ ತಮಿಳು ಕಾವ್ಯಗಳಲ್ಲಿ ಅದು ಅದಿಯಮಾನನ ಊರು. ಒಂಬತ್ತನೆಯ ಶತಮಾನಕ್ಕೆ ನೊಳಂಬರ ಕೈಗೆ ಬಂದು, ಮಹೇಂದ್ರ ನೊಳಂಬನ ಕಾಲದ ಕನ್ನಡ ಶಾಸನಗಳು ಅಲ್ಲಿ ದೊರೆತಿವೆ. ಮೈಸೂರು ಒಡೆಯರ, ಹೈದರ, ಟಿಪ್ಪುವಿನ ಆಳ್ವಿಕೆಯೂ ಅಲ್ಲಿ ನಡೆಯಿತು. ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತಾಗಿರುವ ಬೇಸಾಯಗಾರರಿದ್ದಾರೆ, ತೆಲುಗಿನವರೂ ಇದ್ದಾರೆ. ‘ಬಾರಾಮಹಲ್’ ಎಂದರೆ ಹನ್ನೆರಡು ಮಹಲು. ಅವು ಹನ್ನೆರಡು ಕೋಟೆಗಳೆಂಬುದು ವಾಡಿಕೆಯ ವಿವರಣೆ, ಯಾವ ಹನ್ನೆರಡು ಎಂಬುದಕ್ಕೆ ಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ. ಆಡಳಿತದ ಗೆರೆಗಳು ಆಮೇಲೆ ಬಹಳ ಸಲ ಬದಲಾದವು. ಸೇಲಂ ಜಿಲ್ಲೆಯಿಂದ ಧರ್ಮಪುರಿ 1965ರಲ್ಲಿ ಬೇರೆಯಾಯಿತು. ಧರ್ಮಪುರಿಯಿಂದ ಕೃಷ್ಣಗಿರಿ 2004ರಲ್ಲಿ. ತಿರುಪ್ಪತ್ತೂರು 2019ರಲ್ಲಿ ಜಿಲ್ಲೆಯಾಯಿತು.

ಮೂರನೆಯ ಮೈಸೂರು ಯುದ್ಧ ಮುಗಿದು 1792ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಕೌಲಾದಾಗ ಟಿಪ್ಪು ಬಿಟ್ಟುಕೊಟ್ಟ ನೆಲದಲ್ಲಿ ಬಾರಾಮಹಲು, ಸೇಲಂ ಸೇರಿದ್ದವು. ಮಲಬಾರೂ ಅದರಲ್ಲೇ ಸೇರಿತ್ತು. ಹೊಸ ನೆಲದ ಆಡಳಿತಕ್ಕೆ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸಿವಿಲ್ ಅಧಿಕಾರಿಗಳನ್ನು ಕಳುಹಿಸದೆ ಸೈನ್ಯದ ಅಧಿಕಾರಿಗಳನ್ನು ಕಳುಹಿಸಿದ. ಮದರಾಸಿನ ಸಿವಿಲ್ ಅಧಿಕಾರಿಗಳಿಗೆ ಊರಿನ ಭಾಷೆಗಳು ಬರುತ್ತಿರಲಿಲ್ಲ ಎಂಬುದೇ ಅದಕ್ಕೆ ಮುಖ್ಯ ಕಾರಣ. ಹೀಗೆ ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಮುಖ್ಯಾಧಿಕಾರಿಯಾದ. ಅವನ ಕೈಕೆಳಗೆ ಗ್ರಹಾಂ, ಮಕ್ಲಿಯಾಡ್, ಮನ್ರೋ ಎಂಬ ಮೂವರು ಸಹಾಯಕರು. ಥಾಮಸ್ ಮನ್ರೋವಿಗೆ ಆಗ ಸುಮಾರು ಮೂವತ್ತೊಂದು ವರ್ಷ. ಗ್ಲಾಸ್ಗೋ ಪಟ್ಟಣದವನು, 1780ರಲ್ಲಿ ಹತ್ತೊಂಬತ್ತು ತುಂಬುವ ಮೊದಲೇ ಕೆಡೆಟ್ ಆಗಿ ಮದರಾಸಿಗೆ ಬಂದಿಳಿದವನು. ಅವನ ಪಾಲಿಗೆ ಧರ್ಮಪುರಿ ಬಂತು. 1799ರವರೆಗೆ ಅವನು ಅಲ್ಲಿದ್ದ. ಊರಿಗೆ ಬರೆದ ಕಾಗದಗಳಲ್ಲಿ ಅಲ್ಲಿ ತಾನು ಬೆಳೆಸಿದ ತೋಟದ ಬಗ್ಗೆ ಅಕ್ಕರೆಯಿಂದ ಬರೆದಿದ್ದಾನೆ.

ಅವರು ಮಾಡಿದ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಕಂದಾಯ ಎತ್ತುವುದಕ್ಕೆ ಆಗ ಮೂರು ದಾರಿಗಳಿದ್ದವು. ಜಮೀನುದಾರನೊಬ್ಬನ ಜೊತೆ ಮೊತ್ತ ಗೊತ್ತುಮಾಡಿ ಉಳಿದದ್ದನ್ನು ಅವನಿಗೇ ಬಿಡುವುದು ಒಂದು. ಬಂಗಾಳದಲ್ಲಿ ಕಾರ್ನ್‌ವಾಲಿಸ್ 1793ರಲ್ಲಿ ಶಾಶ್ವತಗೊಳಿಸಿದ್ದು ಇದನ್ನೇ. ಊರಿಗೆ ಇಷ್ಟು ಎಂದು ಪಟೇಲನ ಮೂಲಕ ವಸೂಲು ಮಾಡುವುದು ಇನ್ನೊಂದು. ಹೊಲ ಹೊಲವನ್ನೂ ಅಳೆದು, ಬೆಲೆ ಕಟ್ಟಿ, ಒಬ್ಬೊಬ್ಬ ಸಾಗುವಳಿದಾರನ ಹೆಸರಿಗೇ ಪಟ್ಟೆ ಬರೆದುಕೊಟ್ಟು ನೇರ ಅವನಿಂದಲೇ ವಸೂಲು ಮಾಡುವುದು ಮೂರನೆಯದು. ರೀಡ್ ಮತ್ತು ಅವನ ಸಹಾಯಕರು ಸೀಮೆಯನ್ನು ಅಳೆಯಿಸಿದರು. ಮೊದಲು ಕೆಲವು ವರ್ಷಗಳ ಗುತ್ತಿಗೆಯಾಗಿ ಕೊಡಬೇಕೆಂಬ ಯೋಚನೆಯಿತ್ತು. ಮನ್ರೋವೂ ಆರಂಭದಲ್ಲಿ ಅದರ ಪಕ್ಷದವನೇ. ಬೇಸಾಯಗಾರರು ಅದಕ್ಕೆ ಒಗ್ಗಲಿಲ್ಲ. ಮಳೆ ಬಂದ ವರ್ಷ ಹೆಚ್ಚು ಉಳುವ, ಬಾರದ ವರ್ಷ ಬಿಡುವ ಸ್ವಾತಂತ್ರ್ಯ ಅವರಿಗೆ ಬೇಕಾಗಿತ್ತು. ಒಣಬೇಸಾಯದ ರಾಗಿಯ ನಾಡಿನಲ್ಲಿ ಇದಕ್ಕಿಂತ ಸಹಜವಾದ ಬೇಡಿಕೆ ಯಾವುದು? 1796ರ ಡಿಸೆಂಬರಿನಲ್ಲಿ ರೀಡ್ ಹೊರಡಿಸಿದ ಪ್ರಕಟಣೆಯಲ್ಲಿ ಈ ಸ್ವಾತಂತ್ರ್ಯವನ್ನು ಒಪ್ಪಿಕೊಳ್ಳಲಾಯಿತು. ಹೊಲಕ್ಕೆ ಕಟ್ಟಿದ ದರ ಸ್ಥಿರ, ಹಿಡಿಯುವುದು ಬಿಡುವುದು ವರ್ಷ ವರ್ಷ ರೈತನ ಇಷ್ಟ. ರೈತವಾರಿ ಪದ್ಧತಿಯ ಬೀಜ ಇದು.

‘ವಾರಿ’ ಎಂಬುದರ ಬಗೆಗೂ ಒಂದು ಮಾತು. ಅದು ಪಾರಸಿಯ ಪ್ರತ್ಯಯ; ಪ್ರಕಾರ, ಅನುಸಾರ ಎಂಬ ಅರ್ಥದ್ದು. ನಾವು ಜಿಲ್ಲಾವಾರು, ಗ್ರಾಮವಾರು, ತಲೆವಾರು ಎನ್ನುತ್ತೇವಲ್ಲ, ಅದೇ. ಅಂದಿನ ದಾಖಲೆಗಳಲ್ಲಿ ‘ರೈತವಾರ್’ ಎಂದೂ, ಅದಕ್ಕೆ ಸಮಾನವಾಗಿ ‘ಕುಳವಾರ್’ ಎಂದೂ ಬರುತ್ತದೆ. ಕುಳ ಎಂದರೆ ಕಂದಾಯ ಕೊಡುವವನು. ‘ದೊಡ್ಡ ಕುಳ’ ಎಂದು ನಾವು ಈಗ ಹಣವಂತನನ್ನು ಕರೆಯುವುದು ಆ ಲೆಕ್ಕದ ಪುಸ್ತಕದ ನೆನಪು. ಲಂಡನ್ನಿನಲ್ಲಿ ಕೂತು ‘ರೈತವಾರ್’ ಎಂಬುದನ್ನು ರೋಮನ್ ಲಿಪಿಯಲ್ಲಿ ಕಂಡ ಪಾರ್ಲಿಮೆಂಟ್ ಸದಸ್ಯನ ಪಾಡು ನೆನೆದರೆ ನಗು ಬರುತ್ತದೆ. ಮೊದಲ ಭಾಗ ಕಿವಿಗೆ ದೊಂಬಿ, ಎರಡನೆಯ ಭಾಗ ಕಣ್ಣಿಗೆ ಯುದ್ಧ!

ರೀಡ್ ಹೊರಟುಹೋದ ಮೇಲೆ ಬಾರಾಮಹಲಿನಲ್ಲಿ ಈ ಪದ್ಧತಿಯನ್ನೇ ಕಿತ್ತುಹಾಕಲಾಯಿತೆಂಬುದು ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಬಂಗಾಳದ ಮಾದರಿಯನ್ನೇ ಇಲ್ಲಿಯೂ ತರಬೇಕೆಂದು ಮೇಲಿನಿಂದ ಆಜ್ಞೆಯಾಯಿತು. 1802ರಿಂದ ಮುಂದಕ್ಕೆ ಸೇಲಂ ಸೀಮೆಯನ್ನು ‘ಮಿಟ್ಟಾ’ಗಳೆಂಬ ತುಂಡುಗಳಾಗಿ ಕತ್ತರಿಸಿ ಹರಾಜು ಹಾಕಿದರು. ಕೊಂಡವರು ಮಿಟ್ಟಾದಾರರಾದರು. ಜಮೀನುದಾರರಿಲ್ಲದ ಊರಿನಲ್ಲಿ ಜಮೀನುದಾರರನ್ನು ಹರಾಜಿನಲ್ಲಿ ಹುಟ್ಟಿಸಿದಂತೆ. ಬಹಳ ಮಂದಿ ಮಿಟ್ಟಾದಾರರು ಒಪ್ಪಿದ ಮೊತ್ತ ಕಟ್ಟಲಾರದೆ ಮುಳುಗಿದರು. ಆ ನೆಲ ಮರಳಿ ಸರಕಾರಕ್ಕೆ ಬಂತು. ಉಳಿದ ಮಿಟ್ಟಾಗಳು 1948ರ ಕಾನೂನಿನವರೆಗೂ ಬದುಕಿದ್ದವು. ಆ ಕಾನೂನಿನ ಹೆಸರೇ ಮದರಾಸು ಎಸ್ಟೇಟುಗಳ ರದ್ದಿಯಾತಿ ಮತ್ತು ರೈತವಾರಿಗೆ ಪರಿವರ್ತನೆಯ ಕಾಯಿದೆ. ಹೀಗೆ ರೀಡನ ಶಬ್ದ ಒಂದೂವರೆ ಶತಮಾನದ ಬಳಿಕ ತಾನು ಹುಟ್ಟಿದ ಸೀಮೆಯ ಕೊನೆಯ ತುಂಡುಗಳಿಗೂ ಮರಳಿ ಬಂದು ತಲಪಿತು.

ನಡುವೆ ಶಬ್ದ ಸೀಮೆಯನ್ನು ದಾಟಿ ಬೆಳೆದಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು ನವೀಕರಣದ ಕಾಲದಲ್ಲಿ ಪಾರ್ಲಿಮೆಂಟಿನ ಸಮಿತಿ 1812ರಲ್ಲಿ ಐದನೆಯ ವರದಿಯನ್ನು ಹೊರತಂದಿತು. ಆ ವರದಿಯಲ್ಲಿ ಇಂಡಿಯಾದ ಶಬ್ದಗಳು ಎಷ್ಟೊಂದು ತುಂಬಿದ್ದವೆಂದರೆ ಓದುವವರಿಗಾಗಿ ಚಾರ್ಲ್ಸ್ ವಿಲ್ಕಿನ್ಸ್ ಪ್ರತ್ಯೇಕ ಶಬ್ದಾರ್ಥಕೋಶವನ್ನೇ ಮಾಡಬೇಕಾಯಿತು. ಮನ್ರೋ 1813ರಲ್ಲಿ ಪಾರ್ಲಿಮೆಂಟಿನ ಎದುರು ಸಾಕ್ಷ್ಯ ನುಡಿದ. 1820ರಲ್ಲಿ ಅವನೇ ಮದರಾಸಿನ ಗವರ್ನರನಾದ ಮೇಲೆ ರೈತವಾರಿ ಆ ಪ್ರಾಂತದ ಬಹುಭಾಗದ ಪದ್ಧತಿಯಾಯಿತು. ಬರಹದ ರೂಪ ಮಾತ್ರ ಬಹುಕಾಲ ನಿಲ್ಲಲಿಲ್ಲ; ಒಬ್ಬೊಬ್ಬ ಅಧಿಕಾರಿ ಕಿವಿಗೆ ಬಿದ್ದಂತೆ ಒಂದೊಂದು ಬಗೆಯಲ್ಲಿ ಬರೆದ. 1855ರಲ್ಲಿ ಎಚ್. ಎಚ್. ವಿಲ್ಸನ್ ತನ್ನ ಕಂದಾಯ ನ್ಯಾಯ ಶಬ್ದಗಳ ಕೋಶದಲ್ಲಿ ಮೂಲಕ್ಕೆ ಹತ್ತಿರವಾದ ‘ರಯ್ಯತ್’ ರೂಪವನ್ನು ಮುಂದಿಟ್ಟು ‘ವೈ, ಓ’ ರೂಪವನ್ನು ಅಪಭ್ರಂಶವೆಂದ. ಪಂಡಿತರು ಒಪ್ಪಿದರು, ಕಚೇರಿ ಒಪ್ಪಲಿಲ್ಲ. ಕಚೇರಿಯೇ ಗೆದ್ದಿತು. ಅಪಭ್ರಂಶವೆಂದ ಆ ರೂಪವೇ ನಮ್ಮ ನಾಲಿಗೆಯನ್ನು ಇಂದಿಗೂ ಕಾಡುತ್ತಿರುವುದು.

1886ರಲ್ಲಿ ಹಾಬ್ಸನ್-ಜಾಬ್ಸನ್ ಎಂಬ ಆಂಗ್ಲೋ ಇಂಡಿಯನ್ ಶಬ್ದಕೋಶ ಹೊರಬಂತು. ಅದರಲ್ಲಿ ಈ ಶಬ್ದದ ಹುಟ್ಟು, ಮಂದೆಯ ಅರ್ಥ, ತುರ್ಕಿಯ ಪ್ರಯೋಗ ಎಲ್ಲವೂ ಇವೆ. ಅದರ ಇಬ್ಬರು ಕರ್ತೃಗಳಲ್ಲಿ ಒಬ್ಬನಾದ ಎ. ಸಿ. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು, ನಮ್ಮ ಭೂತಗಳ ಪಾಡ್ದನಗಳನ್ನು ಸಂಗ್ರಹಿಸಿ ಅನುವಾದಿಸಿದವನು. ಪುಸ್ತಕ ಹೊರಬರುವ ನಾಲ್ಕು ವರ್ಷ ಮೊದಲೇ, 1882ರಲ್ಲಿ, ತೀರಿಕೊಂಡ. ತುಳುನಾಡಿನ ಕೋರ್ಟಿನಲ್ಲಿ ಧಣಿಗಳ, ಒಕ್ಕಲುಗಳ ವ್ಯಾಜ್ಯಗಳನ್ನು ಕೇಳಿದವನ ಕಿವಿ ಆ ಕೋಶದ ಹಿಂದೆ ಇತ್ತು ಎಂದು ನೆನೆಯುವುದು ನಮಗೆ ಸಂತೋಷದ ವಿಷಯ.

ಇನ್ನು ನಮ್ಮ ಊರಿನ ಕಥೆಗೆ ಬರೋಣ. 1799ರಲ್ಲಿ ಟಿಪ್ಪು ಮಡಿದು ಕೆನರಾ ಸೀಮೆ ಕಂಪೆನಿಯ ವಶವಾದಾಗ ಅದರ ಮೊದಲ ಕಲೆಕ್ಟರನಾಗಿ ಬಂದವನು ಇದೇ ಮನ್ರೋ. ಕಾರವಾರದಿಂದ ಬೇಕಲದವರೆಗಿನ ಕರಾವಳಿ ಅವನ ಅಧೀನವಾಯಿತು. ಇಂದಿನ ಕಾಸರಗೋಡು ಅದರ ತೆಂಕಣ ತುದಿ. ಧರ್ಮಪುರಿಯ ತೋಟವನ್ನು ಬಿಟ್ಟು ಬಂದವನಿಗೆ ಇಲ್ಲಿನ ಮಳೆ ಹಿಡಿಸಲಿಲ್ಲ. ವರ್ಗಕ್ಕಾಗಿ ಬರೆದುಕೊಂಡು 1800ರ ಕೊನೆಗೆ ಬಳ್ಳಾರಿ, ಕಡಪ ಕಡೆಗೆ ಹೊರಟುಹೋದ. (ಅಲ್ಲಿನ ಜನ ಅವನನ್ನು ಎಷ್ಟು ಮೆಚ್ಚಿದರೆಂದರೆ ಮಕ್ಕಳಿಗೆ ‘ಮನ್ರೋಲಪ್ಪ’ ಎಂದು ಹೆಸರಿಟ್ಟರು. ಉಚ್ಚಾರ ಕೆಡಿಸುವ ವಿದ್ಯೆ ನಮಗೂ ಬರುತ್ತದೆ.) ಆದರೆ ಇದ್ದಷ್ಟು ದಿನದಲ್ಲಿ ಅವನು ನೋಡಬೇಕಾದುದನ್ನು ನೋಡಿದ. 1800ರ ಮೇ 31ರಂದು ಕಂದಾಯ ಮಂಡಳಿಗೆ ಬರೆದ ವರದಿಯಲ್ಲಿ, ಬಾರಾಮಹಲಿನಲ್ಲಿ ಕಾಣದ ಒಂದು ಸಂಗತಿ ಇಲ್ಲಿ ಇದೆಯೆಂದು ತಿಳಿಸಿದ. ಇಲ್ಲಿ ನೆಲಕ್ಕೆ ಹಳೆಯ ಖಾಸಗಿ ಒಡೆತನವಿದೆ. ಮಾರುತ್ತಾರೆ, ಅಡವಿಡುತ್ತಾರೆ, ಗೇಣಿಗೆ ಕೊಡುತ್ತಾರೆ. ಒಡೆಯನ ಕೆಳಗೆ ಮೂಲಗೇಣಿಯವನು, ಚಾಲಗೇಣಿಯವನು.

ಶಬ್ದದ ನಿಜವಾದ ತೊಡಕು ಇಲ್ಲಿ ಮೊದಲಾಗುತ್ತದೆ, ಉಚ್ಚಾರದಲ್ಲಲ್ಲ. ಬಾರಾಮಹಲಿನಲ್ಲಿ ಪಟ್ಟೆಯವನೂ ನೇಗಿಲು ಹಿಡಿದವನೂ ಬಹುಮಟ್ಟಿಗೆ ಒಬ್ಬನೇ ಎಂದು ಭಾವಿಸಿ ಕಟ್ಟಿದ ಪದ್ಧತಿಯಲ್ಲಿ ‘ರೈತ’ ಎಂದರೆ ಯಾರೆಂಬ ಪ್ರಶ್ನೆ ಏಳಲಿಲ್ಲ. ಅದೇ ಶಬ್ದ ಕೆನರಾಕ್ಕೆ ಬಂದಾಗ ಕಂದಾಯದ ಪುಸ್ತಕದಲ್ಲಿ ಅದು ಅಂಟಿಕೊಂಡದ್ದು ವರ್ಗದಾರನಿಗೆ, ಅಂದರೆ ಧಣಿಗೆ. ಕೆಸರಿನಲ್ಲಿ ಕಾಲಿಟ್ಟ ಚಾಲಗೇಣಿಯ ಒಕ್ಕಲು ಸರಕಾರದ ಕಣ್ಣಿನಲ್ಲಿ ರೈತನಲ್ಲ. ಅವನು ಧಣಿಯ ಮತ್ತು ಅವನ ನಡುವಿನ ವಿಚಾರ. ಹಳೆ ಮೈಸೂರಿನಲ್ಲಿ ‘ಒಕ್ಕಲಿಗ’ ಎಂದರೆ ಬೇಸಾಯಗಾರ. ತುಳುನಾಡಿನಲ್ಲಿ ‘ಒಕ್ಕಲು’ ಎಂದರೆ ಗೇಣಿಗೆ ಕೂತವನು. ತಮಿಳಿನಲ್ಲಿ ‘ಕುಡಿಯಾನವನ್’ ಎಂದರೆ ಬೇಸಾಯಗಾರ. ಮಲಯಾಳದಲ್ಲಿ ‘ಕುಡಿಯಾನ್’ ಎಂದರೆ ಜನ್ಮಿಯ ಕೆಳಗಿನ ಗೇಣಿದಾರ. ಎರಡೂ ಜೋಡಿಗಳನ್ನು ಎದುರೆದುರು ಇಟ್ಟು ನೋಡಿದರೆ ಘಟ್ಟದ ಮೇಲಿನ ನೆಲಸಂಬಂಧಕ್ಕೂ ಕೆಳಗಿನದಕ್ಕೂ ಇರುವ ಅಂತರ ಎರಡು ಭಾಷೆಗಳಲ್ಲೂ ಒಂದೇ ರೀತಿ ದಾಖಲಾಗಿರುವುದು ಕಾಣುತ್ತದೆ. ಆ ಅಂತರವನ್ನು ಮುಚ್ಚಿಹಾಕಿದ ಶಬ್ದ ಇಂಗ್ಲಿಷ್ ದಫ್ತರದ ‘ರೈತ’.

1830–31ರಲ್ಲಿ ಕೆನರಾದಲ್ಲಿ ಕಂದಾಯದ ಭಾರ, ಬೆಲೆ ಕುಸಿತ ಎರಡೂ ಸೇರಿ ಜನ ಊರೂರಿನಲ್ಲಿ ಕೂಟ ಸೇರಿದರು. ಮಂಗಳೂರಿನ ಸುತ್ತಿನಿಂದ ಮಂಜೇಶ್ವರ, ಕುಂಬಳೆ, ಕಾಸರಗೋಡಿನವರೆಗೆ ಅರ್ಜಿಗಳು ಹೋದವು; ಕಂದಾಯ ಕೊಡುವುದಿಲ್ಲವೆಂದು ಜನ ಕಚೇರಿಯಿಂದ ದೂರ ನಿಂತರು. ಚರಿತ್ರೆಯಲ್ಲಿ ಅದು ‘ಕೂಟದ ದಂಗೆ’ ಎಂದು ಹೆಸರಾಯಿತು. ಆಯುಧವಿಲ್ಲದ, ಅರ್ಜಿ ಹಿಡಿದ ಕೂಟಕ್ಕೆ ದಂಗೆಯೆಂಬ ಹೆಸರು ಸಲ್ಲದು ಎಂದೇ ನನ್ನ ಎಣಿಕೆ. ಆದರೆ ರೈತ ಬಾಯಿ ತೆರೆದ ಕೂಡಲೇ ಅದು ದೊಂಬಿಯಾಗಿ ಕೇಳಿಸುವುದು ಆ ಭಾಷೆಯ ಕಿವಿಗೆ ಬರೇ ಉಚ್ಚಾರದ ಆಕಸ್ಮಿಕವಾಗಿರಲಿಲ್ಲ. 1875ರಲ್ಲಿ ಪುಣೆ, ಅಹಮದ್‌ನಗರದ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟಾಗಲೂ ಸರಕಾರದ ಕಡತಕ್ಕೆ ಹೋದ ಹೆಸರು ‘ಡೆಕ್ಕನ್ ರಯಟ್ಸ್’. ಗಟ್ಟಿಯಾಗಿ ಓದಿದರೆ ‘ದಖ್ಖನಿನ ರೈತರು’ ಎಂದೂ ಆದೀತು.

ಸೇಲಂ ಊರಿನಲ್ಲಿ 1882ರಲ್ಲಿ ನಡೆದದ್ದು ಈ ಬಗೆಯದಲ್ಲ. ಅದು ಮೆರವಣಿಗೆಯ ದಾರಿಯಲ್ಲಿದ್ದ ಮಸೀದಿಯ ಕಾರಣ ಹಿಂದೂ ಮುಸ್ಲಿಮರ ನಡುವೆ ಹೊತ್ತಿದ ಗಲಭೆ. ಅದರಲ್ಲಿ ಆರೋಪಕ್ಕೊಳಗಾಗಿ ಬಿಡುಗಡೆಯಾದ ವಕೀಲ ಸಿ. ವಿಜಯರಾಘವಾಚಾರ್ಯರು ಮುಂದೆ 1920ರ ನಾಗಪುರ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ‘ಸೇಲಂ ರಯಟ್ಸ್’ ಎಂದು ಇಂಗ್ಲಿಷಿನಲ್ಲಿ ಕೇಳಿದವರು ಅದನ್ನು ರೈತರ ಚಳವಳಿಯೆಂದು ತಿಳಿಯಬಾರದೆಂದು ಇಷ್ಟು ಹೇಳಿದೆ.

ರೈತವಾರಿಯನ್ನು ಹೊಗಳುವವರು ಅದರ ನೇರ ಸಂಬಂಧವನ್ನು ಹೊಗಳುತ್ತಾರೆ. ನಡುವೆ ಜಮೀನುದಾರನಿಲ್ಲ, ನಿಜ. ಆ ಜಾಗದಲ್ಲಿ ತಹಶೀಲ್ದಾರನ ಸೇವಕನಿದ್ದ. 1855ರಲ್ಲಿ ಮದರಾಸಿನ ಚಿತ್ರಹಿಂಸೆಯ ಆಯೋಗ ಕೊಟ್ಟ ವರದಿಯನ್ನು ಓದಿದರೆ ಮೈ ನಡುಗುತ್ತದೆ. ಬಾಕಿ ವಸೂಲಿಗಾಗಿ ಬೆರಳುಗಳನ್ನು ಕಿಟ್ಟಿಯಲ್ಲಿ ಅಮುಕುವುದು, ಕುತ್ತಿಗೆಯನ್ನು ಕಾಲಿನ ಹೆಬ್ಬೆರಳಿಗೆ ಬಗ್ಗಿಸಿ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದು ಆ ಪ್ರಾಂತದಲ್ಲಿ ನಡೆಯುತ್ತಿತ್ತೆಂದು ಆಯೋಗವೇ ಒಪ್ಪಿಕೊಂಡಿತು. ‘ಕಿಟ್ಟಿ’ ಎಂಬುದೂ ಆ ವರದಿಯ ಮೂಲಕ ಇಂಗ್ಲಿಷಿಗೆ ಹೋದ ನಮ್ಮ ಕಡೆಯ ಶಬ್ದ. ಅದರ ಉಚ್ಚಾರದ ಬಗ್ಗೆ ಯಾರೂ ತಲೆಕೆಡಿಸಿಕೊಂಡಂತಿಲ್ಲ. 1876–78ರ ಬರ ಬಂದಾಗ ಬಾರಾಮಹಲಿನ ಪಟ್ಟೆಗಳು ಯಾರನ್ನೂ ಕಾಯಲಿಲ್ಲ. ಸೇಲಂ ಜಿಲ್ಲೆಯ ಜನಸಂಖ್ಯೆ 1871ರಲ್ಲಿ ಸುಮಾರು 19.67 ಲಕ್ಷವಿದ್ದದ್ದು 1881ರ ಎಣಿಕೆಗೆ ಸುಮಾರು 16 ಲಕ್ಷಕ್ಕೆ ಇಳಿದಿತ್ತು.

ಕೆನರಾದ ತೆಂಕಣ ತುದಿಯಲ್ಲಿ, ಹೊಸದುರ್ಗದ ಕಡೆ, ‘ರೈತ ಯಾರು’ ಎಂಬ ಪ್ರಶ್ನೆಯನ್ನು ಗೇಣಿದಾರರೇ ಎತ್ತಿದರು. ಅವರು ಕಟ್ಟಿದ್ದು ಕರ್ಷಕ ಸಂಘ. 1941ರ ಮಾರ್ಚಿಯಲ್ಲಿ ಕಯ್ಯೂರಿನ ಘಟನೆ ನಡೆದು, 1943ರ ಮಾರ್ಚಿ 29ರಂದು ನಾಲ್ವರು ಗಲ್ಲಿಗೇರಿದರು. ನಿರಂಜನರು ‘ಚಿರಸ್ಮರಣೆ’ಯಲ್ಲಿ ಆ ಕಥೆಯನ್ನು ಕನ್ನಡಕ್ಕೆ ತಂದರು. ಅವರು ತಮ್ಮನ್ನು ಕರೆದುಕೊಂಡದ್ದು ಸಂಸ್ಕೃತದ ‘ಕರ್ಷಕ’ ಎಂಬ ಶಬ್ದದಿಂದ, ಉಳುವವನು ಎಂದು. ದಫ್ತರದ ಶಬ್ದ ಅವರಿಗೆ ಸೇರಿದ್ದೇ ಅಲ್ಲವಾದ್ದರಿಂದ ಅದನ್ನು ಬಿಟ್ಟು ಬೇರೆ ಆರಿಸಿಕೊಂಡರು ಎಂದರೆ ತಪ್ಪಾಗಲಾರದು.

ಒಡೆತನದ ಪ್ರಶ್ನೆಗೆ ಕಾನೂನು ಉತ್ತರ ಕೊಟ್ಟದ್ದು ಬಹಳ ತಡವಾಗಿ, ಅದೂ ಗಡಿಯ ಎರಡು ಬದಿಯಲ್ಲಿ ಎರಡು ದಿನಾಂಕಗಳಲ್ಲಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದರಿಂದ ಇಲ್ಲಿ ಗೇಣಿ ಪದ್ಧತಿ ಕೊನೆಗೊಂಡದ್ದು 1970ರ ಜನವರಿ 1ರಂದು. ತಲಪಾಡಿಯ ಆಚೆ 1974ರ ಮಾರ್ಚಿ 1ರಂದು. ಮನ್ರೋವಿನ ಒಂದೇ ಜಿಲ್ಲೆಯ ಅಕ್ಕಪಕ್ಕದ ಎರಡು ಗದ್ದೆಗಳಲ್ಲಿ ಒಬ್ಬ ಒಕ್ಕಲು ನಾಲ್ಕು ವರ್ಷ ಮೊದಲು ಒಡೆಯನಾದ, ಇನ್ನೊಬ್ಬ ಕಾದು ಕುಳಿತ. ಇಲ್ಲಿಯವನ ಕೈಗೆ ಬಂದದ್ದು ಕ್ರಯ ಸರ್ಟಿಫಿಕೇಟು. ಅಲ್ಲಿಯವನು ‘ಡಿಕ್ಲರೇಶನ್ ಕೊಟ್ಟು’ ಪಡೆದದ್ದು ಹಕ್ಕುಪತ್ರ. ಅಲ್ಲಿಂದ ಮೇಲೆ, 1980ರಲ್ಲಿ ನರಗುಂದ, ನವಲಗುಂದಗಳ ಗೋಲಿಬಾರಿನ ನಂತರ ಕಟ್ಟಿದ ಕರ್ನಾಟಕ ರಾಜ್ಯ ರೈತ ಸಂಘದ ಕಾಲದಲ್ಲಿ, ‘ರೈತ’ ಎಂಬುದು ಕನ್ನಡದಲ್ಲಿ ತಲೆಯೆತ್ತಿ ಹೇಳಿಕೊಳ್ಳುವ ಮಾತಾಯಿತು. ಹಸಿರು ಶಾಲು ಹೊದ್ದವನಿಗೆ ಅದು ಒಂದು ಕಾಲದಲ್ಲಿ ಮಂದೆಯ ಹೆಸರಾಗಿತ್ತೆಂದು ಹೇಳಿದರೆ ನಂಬಲಾರ.

ಬಾರಾಮಹಲಿನಲ್ಲಿ ಜಮಾಬಂದಿ ಇನ್ನೂ ನಡೆಯುತ್ತದೆ. ತಮಿಳುನಾಡಿನ ಎಲ್ಲ ತಾಲೂಕು ಕಚೇರಿಗಳಲ್ಲಿ ನಡೆಯುವಂತೆ ಧರ್ಮಪುರಿ, ಹೊಸೂರುಗಳಲ್ಲೂ ಬೇಸಿಗೆಯ ಕೊನೆಗೆ, ಜುಲೈ 1ರಂದು ಹೊಸ ಫಸಲಿ ವರ್ಷ ತೊಡಗುವ ಮೊದಲು, ಊರಿನ ಲೆಕ್ಕದ ಪುಸ್ತಕಗಳನ್ನು ತಂದು ಅಧಿಕಾರಿಯ ಎದುರು ಒಪ್ಪಿಸುತ್ತಾರೆ. ಜನ ಪಟ್ಟೆಯ ಹೆಸರು ಬದಲಾಯಿಸಿಕೊಡಿ ಎಂದು ಅರ್ಜಿ ಹಿಡಿದು ಸಾಲುಗಟ್ಟುತ್ತಾರೆ. ಅರ್ಜಿ ತಮಿಳಿನಲ್ಲಿ, ಹೊಸೂರಿನ ಸಾಲಿನಲ್ಲಿ ಕಾಯುವಾಗ ಆಡುವ ಮಾತು ಕೆಲವರದು ಕನ್ನಡ, ಕೆಲವರದು ತೆಲುಗು. ಕನ್ನಡದವರು ತಮ್ಮನ್ನು ರೈತರೆನ್ನುತ್ತಾರೆ, ತೆಲುಗಿನವರು ‘ರೈತು’ ಎನ್ನುತ್ತಾರೆ, ಅರ್ಜಿಯಲ್ಲಿ ಬರೆಯುವುದು ‘ವಿವಸಾಯಿ’ ಎಂದು.